ಓಡುವ ಮೀನು

ಮೀನು ಮತ್ತೆ ಓಡಿಹೋಯಿತು. ಮೌಸ್ ತಂದಲ್ಲಿಗೆ ಬಂದು ನಿಲ್ಲಬೇಕಾಗಿದ್ದ ಕೆಂಪು ಮೀನು ಪರದೆಯ ಬಲ ಅಂಚಿನಲ್ಲಿ ಮಾಯವಾಗಿ, ಏನೂ ಆಗಿಲ್ಲವೆಂಬಂತೆ ಎಡ ಅಂಚಿನಿಂದ ಇಣುಕಿತು. ಟೈಪಿಂಗ್ ಟೀಚರಮ್ಮ ಕನ್ನಡಕ ಒರೆಸಿಕೊಂಡು, ಕಂಪ್ಯೂಟರ್ ಪಾಠದ ಹಾಳೆಯನ್ನು ಮೂರನೆಯ ಸಲ ಪರದೆಯಲ್ಲಿ ಟೈಪ್ ಮಾಡಿದ್ದರ ಜೊತೆ ತಾಳೆ ನೋಡಿದರು. ಅರವತ್ತೆರಡು ಸಾಲು. ಒಂದು ಚುಕ್ಕೆಯೂ ಆಚೀಚೆ ಆಗಿರಲಿಲ್ಲ.

"ತಪ್ಪೇ ಇಲ್ದೆ ತಪ್ಪಾಗೋದು ಹೇಗೆ?" ಎಂದು ಗೊಣಗಿದರು.

ಗೊಂದಲ ಮೊದಲ ದಿನದಿಂದಲೇ ಇತ್ತು. ವೆಬ್‌ಸೈಟ್ ಮಾಡುವ ಕೆಲಸದ ಮಗಳು ಫೋನಿನಲ್ಲಿ, "ಜಾವಾಸ್ಕ್ರಿಪ್ಟ್ ಲೈಬ್ರರಿ ತಗೋ, ಚಿತ್ರ ಓಡಾಡಿಸೋ ಕೋಡೆಲ್ಲ ಅದರಲ್ಲಿ ಮೊದಲೇ ಬರೆದಿಟ್ಟಿರ್ತಾರೆ" ಎಂದಿದ್ದಳು. ಪುಸ್ತಕವೇ ಇಲ್ಲದ್ದಕ್ಕೆ ಲೈಬ್ರರಿ ಎನ್ನುವುದೇಕೆ ಎಂದು ಟೀಚರಮ್ಮನಿಗೆ ಇನ್ನೂ ಅರ್ಥವಾಗಿಲ್ಲ. ಆದರೆ ಕಲಿಯದೆ ವಿಧಿಯಿರಲಿಲ್ಲ. ಟೈಲರ್ ಗಂಡನಿಗೆ ಪಾರ್ಶ್ವವಾಯು ಹೊಡೆದು ನಾಲ್ಕು ತಿಂಗಳು. ಈಗ ಆಡಿಸದಿದ್ದರೆ ಬಲಗೈ ಮುಂದೆ ಆಡುವುದು ಕಷ್ಟ ಎಂದು ವ್ಯಾಯಾಮ ಮಾಡಿಸುವವರು ಹೇಳಿ ಹೋಗಿದ್ದರು. ಹಿಸುಕಲು ರಬ್ಬರ್ ಚೆಂಡು ಕೊಟ್ಟರೆ ಮಹಾಶಯರು ಕಿಟಕಿಯಿಂದ ಆಚೆ ಎಸೆದರು, ಅದೂ ಎಡಗೈಯಲ್ಲಿ. ಮೀನಿನ ಆಟವೊಂದನ್ನು ಮಾಡಿಟ್ಟರೆ ಮೌಸ್ ಆಡಿಸುವ ನೆಪದಲ್ಲಾದರೂ ಕೈ ಆಡೀತು ಎಂದು ಟೀಚರಮ್ಮ ಈ ಪಾಠ ಹಿಡಿದಿದ್ದರು.

"ಒಂದ್ ಮೀನು ಹಿಡಿಯೋಕೆ ಬರಲ್ವಲ್ಲೇ ನಿಂಗೆ. ಕೊಡಿಲ್ಲಿ," ಎಂದರು ಗಂಡ. ಮೌಸಿನ ವೈರು ಗಿಡ್ಡ, ಎಡಕ್ಕೆ ಎಟುಕಲಿಲ್ಲ. ಬಯ್ದುಕೊಂಡೇ ಬಲಗೈಯನ್ನು ಎತ್ತಿ ಅದರ ಮೇಲಿಟ್ಟರು. ಮೀನು ಓಡಿತು. ಅದರ ಬೆನ್ನಿಗೇ ಕೈಯೂ ಒಂದಂಗುಲ ಸರಿಯಿತು. "ಎಲ್ಲಿಗೋಡ್ತೀಯೋ ಕಳ್ಳ!"

ಹತ್ತು ದಿನ ಇದೇ ಕೂಗಾಟ. ಮುಷ್ಟಿ ಬಿಚ್ಚಿತು, ಮಣಿಕಟ್ಟು ತಿರುಗಿತು, ಮೊಣಕೈ ಒಂದು ಗೇಣು ದೂರಕ್ಕೆ ಚಾಚಿತು. ಟೀಚರಮ್ಮ ಮಾತ್ರ ತಪ್ಪು ಹುಡುಕುತ್ತ ಹಾಳೆಯ ಮುಂದೆಯೇ ಕೂತಿದ್ದರು. ತಾನು ಟೈಪ್ ಮಾಡಿದ್ದು ಕೆಟ್ಟಿತೆಂದರೆ ಅವರಿಗೆ ಊಟ ಸೇರದು.

ಭಾನುವಾರ ಬಂದ ಮಗಳು ಹಾಳೆ ನೋಡಿ ಬಿದ್ದು ಬಿದ್ದು ನಕ್ಕಳು. "ಅಮ್ಮಾ, ಮೇಲೇನ್ ಬರೆದಿದೆ ಓದಿದ್ಯಾ? 'ಕಲಿಯುವವರು ಸಾಮಾನ್ಯವಾಗಿ ಮಾಡುವ ತಪ್ಪು.' ಸರಿಯಾದ್ದು ಮುಂದಿನ ಹಾಳೇಲಿದೆ."

ಟೀಚರಮ್ಮ ಓದಿರಲಿಲ್ಲ. ಹಾಳೆಯಲ್ಲಿದ್ದುದು ಕಣ್ಣಿಂದ ನೇರ ಬೆರಳಿಗಿಳಿಯಬೇಕು, ನಡುವೆ ತಲೆ ಹಾಕಬಾರದು ಎಂದು ಮೂವತ್ತು ವರ್ಷ ಕಲಿಸಿದವರು ಅವರು. ಮಗಳು ಪರದೆಯಲ್ಲಿ ಯಾವುದೋ ಒಂದು ಸಾಲಿನ ಕಳೆಯುವ ಚಿಹ್ನೆ ತೆಗೆದು ಕೂಡಿಸುವ ಚಿಹ್ನೆ ಹಾಕಿ ಸಂಜೆಯ ಬಸ್ಸು ಹಿಡಿದಳು. ನಾಚಿಕೆಯಿಂದ ಟೀಚರಮ್ಮ ಆ ಹಾಳೆಯನ್ನು ಹರಿದು ಬಿಸಾಡಿದರು.

ಮರುದಿನ ಗಂಡ ಮೌಸ್ ಮುಟ್ಟಿದ್ದೇ ತಡ, ಮೀನು ಬಂದು ಬಾಣದ ಗುರುತಿನ ಕೆಳಗೆ ಬಾಲ ಆಡಿಸುತ್ತ ನಿಂತಿತು. ಅವರು ಒಮ್ಮೆ ಅಲುಗಿಸಿದರು, ಇನ್ನೊಮ್ಮೆ ಅಲುಗಿಸಿದರು.

"ಏನೇ ಇದು, ಕರೆಯೋಕೆ ಮುಂಚೆನೇ ಬಂದು ನಿಲ್ಲುತ್ತೆ. ಇದನ್ನೇನ್ ಹಿಡಿಯೋದು?" ಎಂದು ಎಡಗೈಯಿಂದ ಬಲಗೈಯನ್ನೆತ್ತಿ ಮಡಿಲಲ್ಲಿಟ್ಟುಕೊಂಡರು.

ಈಗ ಎಲ್ಲ ಸರಿಯಾಗಿದೆಯಲ್ಲ, ಮತ್ತೇನಾಯಿತು? ಟೀಚರಮ್ಮನಿಗೆ ತಲೆಬುಡ ತಿಳಿಯಲಿಲ್ಲ. ಎರಡು ದಿನ ಆ ಕೈ ಮಡಿಲಿಂದ ಏಳಲಿಲ್ಲ. ಮೂರನೆಯ ದಿನ ಬೆರಳು ಮತ್ತೆ ಒಳಕ್ಕೆ ಮಡಿಸಿಕೊಂಡಿದ್ದನ್ನು ಕಂಡು ಅವರಿಗೆ ನಿಜಕ್ಕೂ ಹೆದರಿಕೆಯಾಯಿತು. ಅಡುಗೆಮನೆಗೆ ಹೋಗಿ ಮಗಳಿಗೆ ಫೋನ್ ಮಾಡಿದರು.

"ಅವತ್ತು ತಿದ್ದಿದ್ಯಲ್ಲ, ಅದು ಎಷ್ಟನೇ ಸಾಲು?"

"ಯಾಕಮ್ಮಾ, ಮತ್ತೆ ಕೆಟ್ಟೋಯ್ತಾ?"

"ಇಲ್ಲ. ಕೆಡಿಸ್ಬೇಕು."

"ಸರಿಹೋಗಿರೋದನ್ನ ಯಾರಾದ್ರೂ ಕೆಡಿಸ್ತಾರೇನಮ್ಮಾ?"

ಟೀಚರಮ್ಮ ಬಾಗಿಲು ಮುಂದೆ ಮಾಡಿ ದನಿ ತಗ್ಗಿಸಿದರು.

"ಸರಿಹೋಗಿದ್ದು ಮೀನು ಕಣೇ, ನಿಮ್ಮಪ್ಪ ಅಲ್ಲ."