ಏಳನೆಯ ಮಹಡಿಯ ನೆಲ

ಕೂಸಿನ ಬಲಗಾಲಿನ ಹಿಮ್ಮಡಿ ಬಚ್ಚಲಿನ ಫರಸಿಗೆ ತಾಗಿದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ. ಎಣ್ಣೆ ಹಚ್ಚಿದ ಮೈ, ದಿನಾ ಎರೆಯಲು ಬರುವ ರಾಚವ್ವನ ಚಾಚಿದ ಕಾಲ ಮೇಲಿಂದ ಪಕ್ಕಕ್ಕೆ ಜಾರಿತ್ತು. ತಣ್ಣನೆಯ ಕಲ್ಲು ಸೋಕಿದ್ದೇ ತಡ, ಕೂಸು ಬೆಚ್ಚಿ ಮೊಣಕಾಲನ್ನು ಹೊಟ್ಟೆಗೆ ಎಳೆದುಕೊಂಡಿತು. ರಾಚವ್ವ ಎತ್ತಿ ಸರಿಮಾಡಿಕೊಂಡಳು, ಎರೆದು ಮುಗಿಸಿದಳು, ಲೋಬಾನದ ಹೊಗೆ ಹಿಡಿದು, ಬಟ್ಟೆ ಸುತ್ತಿ ತಾಯಿಯ ಕೈಗೆ ಕೊಟ್ಟಳು. ತಾಯಿ ಏನೂ ನೋಡಿರಲಿಲ್ಲ.

ಬೇರೆ ಮನೆಯಾಗಿದ್ದರೆ ಇದು ಬಾಯಿಬಿಟ್ಟು ಹೇಳುವಂಥ ಸಂಗತಿಯೇ ಅಲ್ಲ. ಆದರೆ ಈ ಮನೆಯ ಕೂಸು ಹುಟ್ಟಿದ ಮೇಲೆ ನೂರಾ ಐದು ದಿನ ನೆಲ ಮುಟ್ಟುವಂತಿರಲಿಲ್ಲ. ಅಂದು ತೊಂಬತ್ತೇಳನೆಯ ದಿನ.

ತಾಯಿ ಕೆತುತ್ ಬಾಲಿ ದ್ವೀಪದವಳು. ಧಾರವಾಡದವರ ಮಗ ಅನಿಲ ಪ್ರವಾಸಿ ಹಡಗಿನಲ್ಲಿ ಅಡುಗೆಯವನಾಗಿದ್ದಾಗ, ಅಲ್ಲೇ ಕೆಲಸಕ್ಕಿದ್ದ ಅವಳನ್ನು ಮದುವೆಯಾಗಿ ಮುಂಬಯಿಯ ಕಾಂದಿವಲಿಗೆ ಕರೆತಂದಿದ್ದ. ಅತ್ತೆಯಿಂದ ಕಲಿತ ಕನ್ನಡವನ್ನು ಅವಳು ಹಾಡಿನ ಹಾಗೆ ಎಳೆದೆಳೆದು ಆಡುತ್ತಿದ್ದಳು. ಮುಸಲ್ಮಾನರೇ ಹೆಚ್ಚಿರುವ ದೇಶದಲ್ಲಿ ತಮ್ಮ ದ್ವೀಪದ ತುಂಬ ಹಿಂದೂಗಳೆಂದೂ, ತಮ್ಮಲ್ಲಿ ಹುಟ್ಟಿದ ಸರದಿಯಂತೆ ಹೆಸರಿಡುತ್ತಾರೆಂದೂ ಹೇಳಿದ್ದಳು. ನಾಲ್ಕನೆಯ ಕೂಸು ಕೆತುತ್. ಈಗ ಎಲ್ಲರೂ ಎರಡಕ್ಕೇ ನಿಲ್ಲಿಸುವುದರಿಂದ ಊರಲ್ಲಿ ಕೆತುತ್‌ಗಳೇ ಕಡಿಮೆಯಾಗುತ್ತಿದ್ದಾರಂತೆ. ನಮ್ಮ ಕಡೆ ನಾಲ್ಕನೆಯದೂ ಹೆಣ್ಣಾದರೆ ಸಾಕವ್ವ ಎಂದು ಹೆಸರಿಟ್ಟು ಕೈಮುಗಿಯುತ್ತಾರೆ ಎಂದು ರಾಚವ್ವ ಹೇಳಿ, ಇಬ್ಬರೂ ನಕ್ಕಿದ್ದರು.

ನಗು ಬಾರದಿದ್ದದ್ದು ಇನ್ನೊಂದು ಮಾತಿಗೆ. ಅವರಲ್ಲಿ ಸತ್ತ ಹಿರಿಯರು ಅದೇ ಮನೆತನದಲ್ಲಿ ಮತ್ತೆ ಹುಟ್ಟಿ ಬರುತ್ತಾರೆ. ಈ ಕೂಸು ಹುಟ್ಟಿದಾಗ ಬಾಲಿಯ ಬಲ್ಲವರನ್ನು ವಿಚಾರಿಸಿದ್ದರು. ಬಂದದ್ದು ಕೆತುತ್‌ಳ ಸ್ವಂತ ತಾಯಿ ಎಂದು ಅವರು ಹೇಳಿದ್ದರು. ಆ ತಾಯಿ ಕಣ್ಣು ಮುಚ್ಚಿದಾಗ ಮಗಳು ನಡುಗಡಲಿನಲ್ಲಿದ್ದಳು. ಮುಖ ನೋಡಲು ಸಿಕ್ಕಿರಲಿಲ್ಲ. ನೂರಾ ಐದು ದಿನ ಕೂಸು ಇನ್ನೂ ದೇವರ ಕಡೆಯದು, ಆಮೇಲೆ ಪೂಜೆ ಮಾಡಿ ಪಾದ ಊರಿಸಿದರೆ ಮನುಷ್ಯರ ಕಡೆಯದು. ಅಲ್ಲಿಯವರೆಗೆ ಬಂದ ತಾಯಿ ಮನಸ್ಸು ಬದಲಿಸಿ ಹೊರಟುಬಿಟ್ಟರೆ ಎಂಬ ಹೆದರಿಕೆಯಲ್ಲಿ ಕೆತುತ್ ಆ ಮೂರು ತಿಂಗಳ ಕೂಸನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದಳು. ಎರೆಯುವ ಹೊತ್ತೊಂದು ಬಿಟ್ಟರೆ ತೋಳಿನಿಂದ ಇಳಿಸಿದವಳೇ ಅಲ್ಲ.

ಲಿಫ್ಟಿನ ಬಳಿ ಅನಿಲ ಸಿಕ್ಕಿದ, ಬಾಂದ್ರಾದ ಹೋಟೆಲಿಗೆ ಡ್ಯೂಟಿಗೆ ಹೊರಟಿದ್ದ. ರಾಚವ್ವ ತಡೆಯಲಾರದೆ ನಡೆದದ್ದನ್ನು ಹೇಳಿದಳು. ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ.

"ಮೌಶಿ, ಇದು ಸೆವೆಂತ್ ಫ್ಲೋರ್. ಫರಸಿ ಕೆಳಗ ಸ್ಲ್ಯಾಬ್, ಸ್ಲ್ಯಾಬ್ ಕೆಳಗ ಪಾಟೀಲರ ಫ್ಯಾನ್. ಇದರಾಗ ಭೂಮಿ ಎಲ್ಲಿ ಬಂತು? ಆಕೀಗೆ ಮಾತ್ರ ಹೇಳಬ್ಯಾಡ್ರಿ."

ಮಾತೇನೋ ಸರಿಯಾಗಿಯೇ ಇತ್ತು. ರಾಚವ್ವ ಗೇಟಿನವರೆಗೆ ಬಂದಳು. ಮೂವತ್ತು ವರ್ಷದಲ್ಲಿ ಅವಳ ಕೈಯಿಂದ ಕೂಸು ಜಾರಿತೆಂದು ಯಾರೂ ಬೆರಳು ತೋರಿಸಿರಲಿಲ್ಲ. ಈ ಸೊಸೈಟಿಯ ಉಳಿದ ನಾಲ್ಕು ಮನೆಗಳು ಸಿಕ್ಕಿದ್ದೂ ಈ ಮನೆಯವರ ಬಾಯಿಮಾತಿನಿಂದ. ಬಾಯಿ ಬಿಟ್ಟರೆ ಐದೂ ಕೈತಪ್ಪಿ ಹೋಗುತ್ತವೆ. ಆದರೆ ಅವಳ ಅವ್ವ ಸತ್ತಾಗ ಮುಂಬಯಿಯಿಂದ ಸಿಂದಗಿ ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಕೊನೆಗೆ ಏನೆಂದಳು, ನನ್ನನ್ನು ಕೇಳಿದಳೇ ಎಂದರೆ, ಸುಖವಾಗಿ ಹೋದಳು ಬಿಡು ಎಂದು ಅಣ್ಣಂದಿರು ಮಾತು ತೇಲಿಸಿದ್ದರು. ಸತ್ತ ತಾಯಿಯ ವಿಷಯದಲ್ಲಿ ಮಗಳಿಗೆ ಸುಳ್ಳು ಹೇಳಿದವರನ್ನು ರಾಚವ್ವ ಇಂದಿಗೂ ಕ್ಷಮಿಸಿರಲಿಲ್ಲ. ಅವಳು ತಿರುಗಿ ಲಿಫ್ಟಿನೊಳಗೆ ಹೋಗಿ ಏಳನ್ನು ಒತ್ತಿದಳು.

ಕೆತುತ್ ಕಿಟಕಿಯ ಪಕ್ಕ ಕೂತು ಹಾಲೂಡಿಸುತ್ತಿದ್ದಳು. ರಾಚವ್ವ ಬಾಗಿಲ ಹತ್ತಿರವೇ ನಿಂತಳು.

"ತಪ್ಪಾಗ್ಯದ ತಂಗಿ. ಎರಿಯಾಗ ಕೂಸು ಜಾರಿತು. ಹಿಮ್ಮಡಿ ಫರಸಿಗೆ ತಾಗಿಬಿಡ್ತು. ನಾಳಿಂದ ಬ್ಯಾರೆಯವರನ್ನ ಇಟ್ಕೋ ಅಂದ್ರ ನಾ ಏನೂ ಅನ್ನಂಗಿಲ್ಲ."

ಕೆತುತ್ ಬಟ್ಟೆ ಸರಿಸಿ, ಆ ಪುಟ್ಟ ಪಾದವನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಕೊನೆಗೆ ಕೇಳಿದ್ದು ಒಂದೇ ಮಾತು.

"ಮೌಶಿ, ಖರೇ ಹೇಳ್ರಿ. ಕಾಲು ಊರಿದ್ರೋ, ಹಿಂದಕ್ಕ ಜಗ್ಗಿಕೊಂಡ್ರೋ?"

ಇದು ಕೂಸಿನ ಮಾತಲ್ಲ ಎಂದು ರಾಚವ್ವನಿಗೆ ತಿಳಿಯಿತು. ಬಂದ ತಾಯಿ ಉಳಿಯುತ್ತಾಳೋ, ವಾಪಸು ಹೋಗುತ್ತಾಳೋ ಎಂದು ಮಗಳು ಕೇಳುತ್ತಿದ್ದಳು. ಹೊಟ್ಟೆಗೆ ಎಳೆದುಕೊಂಡ ಆ ಮೊಣಕಾಲನ್ನು ರಾಚವ್ವ ಕಣ್ಣಾರೆ ನೋಡಿದ್ದಳು.

"ಊರಿದ್ರು ತಂಗಿ," ಎಂದಳು. "ಗಟ್ಟ್ಯಾಗಿ ಊರಿದ್ರು."