ರಬ್ಬರ್ ತುಂಡು

ಹಾಡಬೇಕಿದ್ದ ಅಂಜಿನವ್ವ ಬಾಯಿ ತೆರೆಯಲಿಲ್ಲ. ವಾಮದೇವಪ್ಪ ಮಾಸ್ತರರು ಕಾಲ್ಪೆಟ್ಟಿಗೆ ಹಾರ್ಮೋನಿಯಂ ತುಳಿಯುತ್ತ ಹಾಡಿನ ಎತ್ತುಗಡೆಯನ್ನು ಎರಡನೇ ಸಲ ನುಡಿಸಿದರು. ದಾವಣಗೆರೆಯಿಂದ ಪರೀಕ್ಷೆಗೆಂದು ತಂದ ಆಂಪ್ಲಿಫೈಯರಿನಲ್ಲಿ ಆ ಸ್ವರ ಹರಿಹರದ ನಾಟಕದ ಟೆಂಟಿನ ತುಂಬ ಮೊಳಗಿತು.

"ಈಗ ಹೆಂಗೈತೆ ನೋಡ್ರಿ!" ಎಂದ ಮೈಕಿನವನು. ಪೆಡಲು ತುಳಿದಾಗಲೆಲ್ಲ ಮೈಕಿನಲ್ಲಿ ದಡ್ ದಡ್ ಎನ್ನುತ್ತಿತ್ತೆಂದು ಅವನು ಈಗಷ್ಟೇ ರಂಗದ ಮೇಲಿನ ಆ ಪೆಟ್ಟಿಗೆಯ ಕೆಳಗೆ ದಪ್ಪ ರಬ್ಬರ್ ತುಂಡು ಇಟ್ಟಿದ್ದ. "ಬೆಣ್ಣಿ ಹಂಗೈತೆ, ಇದನ್ನೇ ತಗಳಾಣ," ಎಂದು ಕಂಪನಿ ಮಾಲೀಕ ಕೊಟ್ಟೂರಪ್ಪ ಹಿಗ್ಗಿದ. "ಯಾಕವ್ವ ಅಂಜಿನವ್ವ, ಪದ ಮರೆತೇನು?"

ಆಕೆ ತಿರುಗಿಯೂ ನೋಡಲಿಲ್ಲ. ಬರಿಗಾಲಿನ ಹೆಬ್ಬೆರಳೊಂದು ಮಾತ್ರ, ಕತ್ತಲಲ್ಲಿ ಚಿಲಕ ಹುಡುಕುವ ಕೈಯಂತೆ, ರಂಗದ ಹಲಗೆಯ ಮೇಲೆ ತಡಕಾಡುತ್ತಿತ್ತು. ಮಾಸ್ತರರ ಕಣ್ಣು ಅಲ್ಲೇ ನೆಟ್ಟಿತು. ಹತ್ತು ವರ್ಷದಲ್ಲಿ ಒಮ್ಮೆಯೂ ಎತ್ತುಗಡೆ ತಪ್ಪದವಳು. ಹಾಡು ಎಲ್ಲಿ ಎತ್ತಬೇಕೆಂಬುದನ್ನು ಕಿವಿಯಿಂದಲ್ಲ, ತಮ್ಮ ಪೆಡಲಿನ ಏಟಿಗೆ ನಡುಗುವ ಹಲಗೆಯಿಂದ ತಿಳಿಯುತ್ತಿದ್ದಳೇ? ಎಂದಿನಿಂದ? ಕಿವಿ ಹೋದದ್ದು ಗೊತ್ತಾದರೆ ನಾಳೆಯೇ ಅವಳು ಗಂಟುಮೂಟೆ ಕಟ್ಟಬೇಕು.

ಅವರು ಬಗ್ಗಿ ರಬ್ಬರನ್ನು ಎಳೆದು ಆಚೆಗೆಸೆದರು. "ಇದು ಬ್ಯಾಡ್ರಿ. ನನ್ನ ಮೊಣಕಾಲಾಗ ಕಸುವಿಲ್ಲ, ಮೆತ್ತಗಿದ್ರೆ ತುಳಿಯಾಕಾಗಲ್ಲ."

"ಸದ್ದು ಕೆಡ್ತದಲ್ರಿ!" ಕೊಟ್ಟೂರಪ್ಪನ ಮುಖ ಗಂಟಿಕ್ಕಿತು. "ವಯಸ್ಸಾತು ನಿಮಗ, ಮಾಸ್ತರ್ರೆ. ಬ್ಯಾರೆಯವರನ್ನ ನೋಡಬೇಕಾಗ್ತೈತೆ."

"ನೋಡ್ರಿ," ಎಂದು ಮಾಸ್ತರರು ಪೆಡಲನ್ನು ಎಂದಿಗಿಂತ ಜೋರಾಗಿ ತುಳಿದರು.

ಹೆಬ್ಬೆರಳು ನಿಂತಿತು. ಅಂಜಿನವ್ವ ಹಾಡತೊಡಗಿದಳು.