ಯಂತ್ರದ ಆರೈಕೆ

ಬೆಳಗಾಗುವಷ್ಟರಲ್ಲಿ ಅಮ್ಮನಿಗೆ ಉಬ್ಬಸ ಏರಿತ್ತು. ಊರಿನ ಗಾಳಿ ಉತ್ತಮವಾಗಿದೆ ಎಂದು ಟಿವಿಯಲ್ಲಿ ಮಗನೇ ಹೇಳಿದ್ದನ್ನು ನಂಬಿ, ಕಿಟಕಿ ತೆರೆದಿಟ್ಟು ಮಲಗಿದ್ದಳು. ಮಗ ನಗರದ ಪರಿಸರ ಎಂಜಿನಿಯರ್. ಹೆತ್ತವಳೇ ನಂಬದಿದ್ದರೆ ಇನ್ಯಾರು ನಂಬಬೇಕು?

"ಕಿಟಕಿ ಯಾಕಮ್ಮ ತೆಗೆದೆ?" ಇನ್‌ಹೇಲರ್ ಹುಡುಕುತ್ತಾ ಅವನು ರೇಗಿದ.

"ಗಾಳಿ ಚೆನ್ನಾಗಿದೆ ಅಂತ ನೀನೇ ಹೇಳಿದ್ಯಲ್ಲೋ."

"ಅದು ಊರಿಗೆ ಹೇಳಿದ್ದಮ್ಮ. ನಿನಗಲ್ಲ."

ಅವನು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಊರು ನಾಲ್ಕು ದಿಕ್ಕಿಗೂ ಬೆಳೆದು, ಕಟ್ಟಡಗಳ ಧೂಳು, ವಾಹನಗಳ ಹೊಗೆ ಮಿತಿಮೀರಿದಾಗ ಕಚೇರಿಯವರು ಸುಮ್ಮನೆ ಕೂತಿರಲಿಲ್ಲ. ಗಾಳಿಯ ಮಾಲಿನ್ಯ ಅಳೆಯುವ ಯಂತ್ರವನ್ನು ಚೌಕದಿಂದ ಕಿತ್ತು ಕಚೇರಿಯ ಹಿಂದಿನ ತೋಟಕ್ಕೆ ತಂದರು. ದಿನಾ ಟ್ಯಾಂಕರ್ ಬಂದು ಅಲ್ಲಿನ ಎಲೆ ಎಲೆಗೂ ನೀರು ಚಿಮುಕಿಸುತ್ತದೆ. ಆ ಬೀದಿಗೆ ಬೇರೆ ವಾಹನ ಬರುವಂತಿಲ್ಲ. ಬಾಣಂತಿಯನ್ನೂ ಯಾರೂ ಅಷ್ಟು ಜೋಪಾನ ಮಾಡಿರಲಿಕ್ಕಿಲ್ಲ.

ಇನ್‌ಹೇಲರ್‌ಗೂ ಉಬ್ಬಸ ಪೂರ್ತಿ ಬಗ್ಗಲಿಲ್ಲ. "ಸ್ವಲ್ಪ ಹೊತ್ತು ಒಳ್ಳೆ ಗಾಳಿ ಇರೋ ಕಡೆ ಕೂರ್ಸಿ" ಎಂದರು ಫೋನಿನಲ್ಲಿ ಡಾಕ್ಟರು. ಇಡೀ ಊರಿನಲ್ಲಿ ಅಂಥ ಜಾಗ ಒಂದೇ ಇತ್ತು. ಅದು ತನಗೊಬ್ಬನಿಗೇ ಗೊತ್ತೆಂದು ಎಂಜಿನಿಯರ್ ತಿಳಿದಿದ್ದ.

ಅಮ್ಮನನ್ನು ಕರೆತಂದು ತೋಟದ ಗೇಟು ತೆರೆದರೆ, ಯಂತ್ರದ ಬುಡದ ಬೆಂಚಿನ ಮೇಲೆ ಅವನ ಮೇಲಧಿಕಾರಿ. ಪಕ್ಕದಲ್ಲಿ ಶಾಲು ಹೊದ್ದು ಏದುಸಿರು ಬಿಡುತ್ತಿದ್ದ ಅವರ ಅತ್ತೆ. ಇಬ್ಬರು ಗಂಡಸರಿಗೂ ಒಂದು ಕ್ಷಣ ನಾಚಿಕೆಯಾಯಿತು. ಸರ್ಕಾರಿ ಕೆಲಸದಲ್ಲಿ ಪಳಗಿದವರು, ಬೇಗ ಸುಧಾರಿಸಿಕೊಂಡರು.

"ಪರಿಶೀಲನೆಗೆ ಬಂದ್ರಾ?" ಎಂದರು ಮೇಲಧಿಕಾರಿ.

"ಹೌದು ಸರ್. ತಾವು?"

"ನಾನೂ ಅಷ್ಟೇ." ಎದ್ದು ನಿಂತು ಅಮ್ಮನಿಗೆ ಜಾಗ ಬಿಟ್ಟುಕೊಟ್ಟರು.

ಅಮ್ಮ ಕೂತು, ಎಷ್ಟೋ ದಿನದಿಂದ ಹಸಿದವಳಂತೆ ಗಾಳಿ ಎಳೆದುಕೊಂಡಳು. ಎದೆಯ ಗೊರಗೊರ ಇಳಿಯತೊಡಗಿತು. ಮಗನಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಅವಳಿಗೆ ಕೆಮ್ಮು ಬಂತು.

"ಸ್ವಲ್ಪ ಆ ಕಡೆ ತಿರುಗಿ ಕೆಮ್ಮಿ ಅಮ್ಮಾ," ಎಂದರು ಮೇಲಧಿಕಾರಿ ಮೆಲ್ಲಗೆ. "ಅಂಕಿ ಏರಿಬಿಡುತ್ತೆ."

ಅಮ್ಮ ಆ ಕಡೆ ತಿರುಗಿ ಕೆಮ್ಮಿದಳು. ಆಮೇಲೆ ನೀರು ತೊಟ್ಟಿಕ್ಕುವ ಮರಗಳನ್ನೂ ನಡುವೆ ತಣ್ಣಗೆ ನಿಂತ ಯಂತ್ರವನ್ನೂ ನೋಡಿ, ಮಗನ ಕಿವಿಯ ಹತ್ತಿರ ಬಾಗಿ ಕೇಳಿದಳು:

"ಪಾಪ, ಇದಕ್ಕೂ ಉಬ್ಬಸವೇನೋ?"